ಎರಡು ಹೆಸರು, ಒಂದೇ ಮಾತ್ರೆ

ಪ್ರಶ್ನೆ: ನನ್ನ ಅತ್ತೆಗೆ 71 ವರ್ಷ. ಬಿಪಿಗೆ ನಮ್ಮೂರ ಡಾಕ್ಟರು ಬರೆದ ಮಾತ್ರೆ ಮೊದಲಿನಿಂದಲೂ ನಡೆದಿದೆ. ಜ್ವರಕ್ಕೆಂದು ನಗರದ ಆಸ್ಪತ್ರೆಗೆ ಸೇರಿಸಿದ್ದಾಗ ಡಿಸ್ಚಾರ್ಜ್ ಚೀಟಿಯಲ್ಲಿ ಬೇರೆ ಹೆಸರಿನ ಬಿಪಿ ಮಾತ್ರೆ ಬರೆದರು. ಎರಡನ್ನೂ ಕೊಟ್ಟೆವು. ಮೂರು ವಾರದಲ್ಲಿ ಪಾದ ಊದಿತು. ಇನ್ನೊಬ್ಬ ವೈದ್ಯರು ನೀರು ಹೋಗುವ ಮಾತ್ರೆ ಕೊಟ್ಟರು. ಮೊನ್ನೆ ಅತ್ತೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು. ಆಮೇಲೆ ಪಿಯುಸಿ ಓದುವ ಮಗಳು ಎರಡೂ ಸ್ಟ್ರಿಪ್‌ಗಳ ಮೇಲೆ ‘ಆಮ್ಲೋಡಿಪಿನ್ 5 ಮಿ.ಗ್ರಾಂ’ ಎಂದಿರುವುದನ್ನು ತೋರಿಸಿದಳು. ತಪ್ಪು ಯಾರದು? ಡಾಕ್ಟರದೇ, ಮೆಡಿಕಲ್ ಶಾಪಿನವರದೇ, ಕಂಪನಿಯದೇ?
— ಹೆಸರು ಬೇಡ, ಶಿರಸಿ ತಾಲ್ಲೂಕು

ಉತ್ತರ: ತಪ್ಪಿನ ಲೆಕ್ಕ ಆಮೇಲೆ. ಇವತ್ತೇ ಮೂರೂ ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಂಡು, ಅತ್ತೆಯವರನ್ನೂ ಕರೆದುಕೊಂಡು ಹೋಗಿ ನಿಮ್ಮೂರ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಯಾವುದನ್ನು ನಿಲ್ಲಿಸಬೇಕೆಂದು ಅವರೇ ಹೇಳಲಿ. ಬಿದ್ದಾಗ ತಲೆಗೆ ಪೆಟ್ಟಾಗಿದ್ದರೆ ಮುಚ್ಚಿಡಬೇಡಿ. ಸೋಡಿಯಂ, ಪೊಟ್ಯಾಷಿಯಂ ಪರೀಕ್ಷೆ ಬೇಕೇ ಎಂದೂ ಕೇಳಿ. ನೀರು ಹೋಗುವ ಮಾತ್ರೆಯಿಂದ ಅವು ಏರುಪೇರಾಗುವುದುಂಟು.

ತಾಲ್ಲೂಕು ಆಸ್ಪತ್ರೆಯ ಔಷಧ ವಿತರಣಾ ಕಿಟಕಿಯ ಹಿಂದೆ 31 ವರ್ಷ ನಿಂತವನು ನಾನು. ಆಮ್ಲೋಡಿಪಿನ್‌ನಿಂದ ಪಾದ ಊದುವುದು ನಮಗೆ ಹಳೆಯ ಪರಿಚಯ. ಪ್ರಮಾಣ ಏರಿದಷ್ಟೂ ಊತದ ಸಂಭವ ಜಾಸ್ತಿ. ರಕ್ತನಾಳವನ್ನು ಸಡಿಲಿಸುವುದೇ ಅದರ ಕೆಲಸ. ಹಾಗೆ ಸಡಿಲಿಸುವಾಗ ಸ್ವಲ್ಪ ನೀರು ನಾಳದಿಂದ ಜಿನುಗಿ ಕಾಲಿಗೆ ಇಳಿಯುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿ ಬಂದ ಊತವಲ್ಲ ಇದು. ಹೀಗಾಗಿ ನೀರು ಹೋಗುವ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ, ಇಳಿಯುವುದು ಬಿಪಿ. ಮೂರನೆಯ ವೈದ್ಯರು ಮದ್ದಿನಿಂದ ಬಂದ ಊತಕ್ಕೇ ಮದ್ದು ಬರೆದಿರುವಂತಿದೆ. ‘ಬೇರೇನು ತೆಗೆದುಕೊಳ್ಳುತ್ತಿದ್ದೀರಿ’ ಎಂದು ಅವರು ಕೇಳಿದರೇ, ಸ್ಟ್ರಿಪ್‌ಗಳನ್ನು ನೀವು ತೋರಿಸಿದಿರಾ, ಎರಡನ್ನೂ ನೀವು ಬರೆದಿಲ್ಲ.

ಹೆಚ್ಚಿನ ಪಾಲನ್ನು ನಾನು ನಗರದ ಆಸ್ಪತ್ರೆಗೆ ಹಾಕುತ್ತೇನೆ. ಮನೆಯಲ್ಲಿ ಯಾವ ಮಾತ್ರೆ ನಡೆದಿತ್ತೆಂದು ಸೇರಿಸಿಕೊಳ್ಳುವಾಗಲೇ ಬರೆದುಕೊಂಡು, ಕಳಿಸುವಾಗ ‘ಹಳೆಯದನ್ನು ನಿಲ್ಲಿಸಿ, ಇದನ್ನು ಕೊಡಿ’ ಎಂಬ ಒಂದು ಸಾಲು ಸೇರಿಸಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ.

ಮೆಡಿಕಲ್ ಶಾಪಿನ ಮಾತು ಹೇಳುವುದು ನನಗೆ ಮುಜುಗರ, ಅದು ನಮ್ಮವರದೇ ಮನೆ. ಔಷಧದ ಬಗ್ಗೆ ರೋಗಿಗೆ ತಿಳಿಹೇಳುವುದು ನೋಂದಾಯಿತ ಫಾರ್ಮಸಿಸ್ಟ್ ಕೆಲಸ ಎಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿಯಲ್ಲಿದೆ. ಎಷ್ಟೋ ಅಂಗಡಿಗಳಲ್ಲಿ ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿರುತ್ತದೆ, ಆ ಹೆಸರಿನವರು ಕೌಂಟರಿನಲ್ಲಿ ಇರುವುದಿಲ್ಲ. ಕೆಲಸದ ಹುಡುಗ ಚೀಟಿಯ ಮೊದಲ ಮೂರು ಅಕ್ಷರ ನೋಡಿ ಡಬ್ಬಿ ಎಳೆಯುತ್ತಾನೆ.

ಕಂಪನಿಗಳಿಗೂ 2018ರ ನಿಯಮವಿದೆ: ಒಂದೇ ಔಷಧವಿರುವ ಮಾತ್ರೆಯಾದರೆ ಔಷಧದ ಮೂಲ ಹೆಸರು ಬ್ರಾಂಡ್ ಹೆಸರಿಗಿಂತ ದೊಡ್ಡದಾಗಿರಬೇಕು. ಇದ್ದರೇನು? ಇಂಗ್ಲಿಷ್ ಅಕ್ಷರ, ಹೊಳೆಯುವ ಹಾಳೆ, 71ರ ಕಣ್ಣು. ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರಂತೂ ಹೆಸರೇ ತುಂಡಾಗಿರುತ್ತದೆ.

ನಾನೂ ಸಾಚಾ ಅಲ್ಲ. ಸರ್ಕಾರಿ ಸರಬರಾಜಿನಲ್ಲಿ ತಯಾರಕರು ಬದಲಾದರೆ ಮಾತ್ರೆಯ ರೂಪವೂ ಬದಲಾಗುತ್ತದೆ. ಒಮ್ಮೆ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು, ‘ಹೋದ ತಿಂಗಳದು ಗುಂಡಗಿತ್ತು, ಇದು ಉದ್ದ ಇದೆಯಲ್ಲ ತಮ್ಮಾ’ ಎಂದರು. ಅವರ ಹಿಂದೆ ನಲವತ್ತು ಜನರ ಸಾಲು. ‘ನಿಮ್ಮದೇ ಅಜ್ಜಿ, ತೆಗೆದುಕೊಂಡು ಹೋಗಿ’ ಎಂದೆ. ಮನೆಯಲ್ಲಿ ಗುಂಡನೆಯವು ಎಂಟು ಉಳಿದಿದ್ದವು. ಬೆಳಿಗ್ಗೆ ಒಂದು ಗುಂಡನೆಯದು, ಒಂದು ಉದ್ದನೆಯದು. ಮೂರನೆಯ ದಿನ ಸಕ್ಕರೆ ಇಳಿದು, ಬೆವರಿ ತೊಯ್ದು ನಮ್ಮ ವಾರ್ಡಿಗೇ ಬಂದರು. ಬದುಕಿದರು. ಅಂದಿನಿಂದ ನಿವೃತ್ತಿಯವರೆಗೂ ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ‘ಹಳೆಯದರ ಬದಲು’ ಎಂದು ಬರೆಯುತ್ತಿದ್ದೆ.

ಊತದ ವಿಷಯವನ್ನು ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ನೀವೇ ತಿಳಿಸಬಹುದು, ವೈದ್ಯರೇ ಹೇಳಬೇಕೆಂದಿಲ್ಲ. ಡಾಕ್ಟರನ್ನು ಕಂಡು ಬಂದ ಮೇಲೆ ಮಗಳ ಕೈಯಲ್ಲಿ ಒಂದು ಹಾಳೆ ಬರೆಸಿ: ಬ್ರಾಂಡ್ ಬೇಡ, ಮೂಲ ಹೆಸರು, ಎಷ್ಟು ಮಿ.ಗ್ರಾಂ, ಯಾವ ಹೊತ್ತಿಗೆ, ಎಲ್ಲವೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಅತ್ತೆಯವರ ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ.