ತವರಿನವರೇ ದಡ ಹತ್ತಲು ಬಿಡಲಿಲ್ಲ

ಪ್ರಶ್ನೆ: ಮಾರ್ಸೇಲ್, ನೇಪಲ್ಸ್, ಇಸ್ತಾಂಬುಲ್ ಎಲ್ಲವೂ ಗ್ರೀಕರ ವಸಾಹತುಗಳಾಗಿದ್ದವು ಎಂದು ಓದಿದೆ. ಬ್ರಿಟಿಷರ ಹಾಗೆ ಅವರೂ ಸಾಮ್ರಾಜ್ಯ ಕಟ್ಟಲು ಹೊರಟಿದ್ದರೇ? ಅಷ್ಟು ದೂರ ಯಾಕೆ ಹೋದರು?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ‘ವಸಾಹತು’ ಅಂದ ಕೂಡಲೇ ನಮಗೆ ಈಸ್ಟ್ ಇಂಡಿಯಾ ಕಂಪನಿ ನೆನಪಾಗುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ. ಗ್ರೀಕರು ಬಳಸುತ್ತಿದ್ದ ಪದ ‘ಅಪೊಯ್ಕಿಯಾ’. ಮನೆ ಬಿಟ್ಟು ದೂರ ಹೋಗಿ ನೆಲೆಸುವುದು ಅಂತ ಅರ್ಥ. ಆಗ ಗ್ರೀಸ್ ಎಂಬ ಒಂದೇ ದೇಶ ಇರಲಿಲ್ಲ, ಊರಿಗೊಂದು ಆಡಳಿತ. ಹೊಸದಾಗಿ ಕಟ್ಟಿದ ಊರೂ ಸಾಮಾನ್ಯವಾಗಿ ಸ್ವತಂತ್ರವೇ. ಹಳೆಯ ಊರನ್ನು ‘ಮೆಟ್ರೊಪೊಲಿಸ್’, ಅಂದರೆ ತಾಯೂರು ಎನ್ನುತ್ತಿದ್ದರು. ದೇವರು, ಹಬ್ಬದ ನಂಟು ಉಳಿಯುತ್ತಿತ್ತು. ಕಪ್ಪ ಕೊಡುವುದು ಅಪರೂಪ. (ನೇಪಲ್ಸ್‌ನ ಮೂಲ ಹೆಸರು ನೆಯಾಪೊಲಿಸ್. ಕನ್ನಡದಲ್ಲಿ ಹೇಳಿದರೆ ಹೊಸೂರು!)

ಯಾಕೆ ಹೋದರು ಅಂದರೆ ಒಂದೊಂದು ಊರಿಗೆ ಒಂದೊಂದು ಕಾರಣ: ವ್ಯಾಪಾರ, ಜಮೀನಿನ ಕೊರತೆ, ಒಳಜಗಳ. ಸುಮ್ನೆ ಪಟ್ಟಿ ಮಾಡುವ ಬದಲು ಒಂದು ಊರಿನ ಕಥೆ ಹೇಳುತ್ತೇನೆ. ಈಗಿನ ಲಿಬಿಯಾದ ಕಿರೀನೆ, ಸುಮಾರು ಕ್ರಿ.ಪೂ. 631ರಲ್ಲಿ ಹುಟ್ಟಿದ್ದು. ಕಥೆ ಹೇಳಿದವನು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್.

ತಾಯೂರು ಥೇರಾ, ಇವತ್ತಿನ ಸ್ಯಾಂಟೊರಿನಿ ದ್ವೀಪ. ಅಲ್ಲಿ ಏಳು ವರ್ಷ ಮಳೆಯೇ ಬರಲಿಲ್ಲ. ಒಂದು ಮರ ಬಿಟ್ಟು ಉಳಿದೆಲ್ಲ ಒಣಗಿದವು. ಅಣ್ಣತಮ್ಮಂದಿರಲ್ಲಿ ಯಾರು ಹೋಗಬೇಕು ಅಂತ ಚೀಟಿ ಎತ್ತಿದರು. ಬಾಟ್ಟಸ್ ಎಂಬುವನ ಹಿಂದೆ ಐವತ್ತು ಹುಟ್ಟಿನ ಎರಡು ಹಡಗು ಹೊರಟವು. ಲಿಬಿಯಾ ಕಡೆ ಹೋದವರಿಗೆ ಮುಂದೇನು ಅಂತ ತೋಚದೆ ವಾಪಸ್ ಬಂದರೆ, ಥೇರಾದವರು ಹೊಡೆದು ಓಡಿಸಿದರು. ದಡ ಹತ್ತಲೂ ಬಿಡಲಿಲ್ಲ! ಕಿರೀನೆಯಲ್ಲಿ ಸಿಕ್ಕ ಕ್ರಿ.ಪೂ. 4ನೇ ಶತಮಾನದ ಶಾಸನದಲ್ಲೂ ಈ ಬಿಗಿ ಕಾಣುತ್ತದೆ: ಹೋಗಲ್ಲ ಅಂದವನಿಗೆ ಮರಣದಂಡನೆ. ಮೇಣದ ಗೊಂಬೆ ಸುಟ್ಟು, ‘ಮಾತು ಮುರಿದವರು ಹೀಗೆ ಕರಗಿಹೋಗಲಿ’ ಎಂದು ಆಣೆ ಇಟ್ಟರಂತೆ. ಆಣೆಯ ಮಾತು ಮೂಲದ್ದೇನಾ ಎಂಬ ತಕರಾರು ವಿದ್ವಾಂಸರಲ್ಲಿದೆ. ನನಗಂತೂ ಅದರ ಹೆದರಿಕೆ ನಿಜ ಅನ್ನಿಸುತ್ತದೆ. ಇದು ದಂಡಯಾತ್ರೆ ಹೊರಟವರ ಚಿತ್ರ ಅಲ್ಲ, ಅಲ್ವಾ?

ಎರಡು ವರ್ಷ ಒಂದು ಪುಟ್ಟ ದ್ವೀಪದಲ್ಲಿ, ಆರು ವರ್ಷ ಅದರ ಎದುರಿನ ಕರಾವಳಿಯಲ್ಲಿ ಕಳೆದರು. ಆಮೇಲೆ ಸ್ಥಳೀಯ ಲಿಬಿಯನ್ನರೇ ‘ಇದಕ್ಕಿಂತ ಒಳ್ಳೆ ಜಾಗ ತೋರಿಸ್ತೀವಿ ಬನ್ನಿ’ ಎಂದು ಕರೆದೊಯ್ದರು. ದಾರಿಯಲ್ಲಿ ಇರಾಸಾ ಅನ್ನುವ ಸೀಮೆ ಇತ್ತು, ಆ ಭಾಗದಲ್ಲೇ ಅತಿ ಚೆಂದದ್ದು. ಗ್ರೀಕರ ಕಣ್ಣಿಗೆ ಬೀಳದಿರಲಿ ಅಂತ ಅದನ್ನು ರಾತ್ರಿಯಲ್ಲಿ ದಾಟಿಸಿದರು. ಕೊನೆಗೆ ಒಂದು ಊಟೆಯ ಹತ್ತಿರ ನಿಲ್ಲಿಸಿ, ‘ಇಲ್ಲಿ ಇರಿ, ಇಲ್ಲಿ ಆಕಾಶಕ್ಕೆ ತೂತಿದೆ’ ಅಂದರು. ಮಳೆ ಜಾಸ್ತಿ ಅಂತ. ಬರದಿಂದ ಓಡಿ ಬಂದವರಿಗೆ ಇನ್ನೇನು ಬೇಕು?

ಸಾಮ್ರಾಜ್ಯ ಅಲ್ಲ ನಿಜ. ಹಾಗಂತ ಪಾಪದವರು ಅಂತಲೂ ಅಂದುಕೊಳ್ಳಬೇಡಿ. ಬಾಟ್ಟಸ್‌ನ ಮೊಮ್ಮಗನ ಕಾಲಕ್ಕೆ ‘ಬನ್ನಿ, ಜಮೀನು ಹಂಚುತ್ತೇವೆ’ ಎಂದು ಇನ್ನಷ್ಟು ಗ್ರೀಕರನ್ನು ಕರೆಸಿಕೊಂಡರು. ಹಂಚಿದ್ದು ಲಿಬಿಯನ್ನರ ಜಮೀನನ್ನೇ. ಅವರು ಈಜಿಪ್ಟಿನ ದೊರೆ ಏಪ್ರೀಸ್‌ನ ಮೊರೆಹೋದರು. ಅವನು ದೊಡ್ಡ ಸೈನ್ಯ ಕಳಿಸಿದ. ಸುಮಾರು ಕ್ರಿ.ಪೂ. 570ರಲ್ಲಿ ಗ್ರೀಕರು ಅದನ್ನು ಧೂಳೀಪಟ ಮಾಡಿದರು. ಯುದ್ಧ ನಡೆದದ್ದು ಇರಾಸಾದಲ್ಲಿ.