ಡಬ್ಬಿಯ ಹಿಂದಿನ 77491

ಪ್ರಶ್ನೆ: ‘ಮಿನರಲ್ ಮೇಕಪ್, ಪೂರ್ತಿ ನೈಸರ್ಗಿಕ’ ಅಂತ ಬರೆದಿದ್ದ ಕಾಂಪ್ಯಾಕ್ಟ್ ತಗೊಂಡೆ. ಹಿಂದೆ ನೋಡಿದರೆ ಇರುವೆ ಸಾಲಿನಂಥ ಅಕ್ಷರದಲ್ಲಿ ಸಿಐ 77491, 77492, 77499, 77891 ಅಂತಿದೆ. ಇದು ಕೆಮಿಕಲ್ ಅಲ್ವಾ? ಮೋಸ ಹೋದೆನಾ?
– ಓದುಗರು, ದಾವಣಗೆರೆ

ಉತ್ತರ: ಮೋಸ ಏನಾದರೂ ಇದ್ದರೆ ಆ ‘ನೈಸರ್ಗಿಕ’ ಅನ್ನೋ ಮಾತಿನಲ್ಲಿದೆ, ನಂಬರಿನಲ್ಲಿಲ್ಲ. ಸಿಐ ಅಂದರೆ ಕಲರ್ ಇಂಡೆಕ್ಸ್, ಬಣ್ಣಕ್ಕೊಂದು ನಂಬರು ಕೊಡುವ ಪಟ್ಟಿ. ನಂಬರು 77ರಿಂದ ಶುರುವಾದರೆ ಅದು ಖನಿಜದ ಬಣ್ಣ. ನಿಮ್ಮ ಡಬ್ಬಿಯ ಮೊದಲ ಮೂರು ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳು. ಮಳೆಗಾಲದಲ್ಲಿ ಕಿಟಕಿ ಸರಳಿಗೆ ಹಿಡಿಯುತ್ತಲ್ಲ ತುಕ್ಕು, ಅದರದೇ ಬಂಧುಬಳಗ. ಕೊನೆಯದು ಬಿಳಿ, ಟೈಟಾನಿಯಂ ಡೈಆಕ್ಸೈಡ್.

ತಮಾಷೆ ಏನಂದ್ರೆ, ಈ ಐರನ್ ಆಕ್ಸೈಡನ್ನು ಗಣಿಯಿಂದ ತಂದು ಹಾಗೇ ಹಾಕುವುದಿಲ್ಲ, ಫ್ಯಾಕ್ಟರಿಯಲ್ಲೇ ತಯಾರಿಸುತ್ತಾರೆ. ನೆಲದಿಂದ ಅಗೆದ ಕೆಮ್ಮಣ್ಣಿನ ಜೊತೆ ಸೀಸ, ಆರ್ಸೆನಿಕ್ ಕೂಡ ಬಂದುಬಿಡಬಹುದು, ಅದಕ್ಕೇ. ಅಂದರೆ ಇಲ್ಲಿ ‘ನೈಸರ್ಗಿಕ’ ಅಲ್ಲದಿರುವುದೇ ನಿಮಗೆ ಒಳ್ಳೆಯದು. ನೀರಿನಲ್ಲಿ ಕರಗಲ್ಲ, ಚರ್ಮದ ಒಳಗೂ ಇಳಿಯಲ್ಲ, ಮುಖ ತೊಳೆದರೆ ಹೋಯಿತು. ಬಂಗು ಇರುವವರಿಗಂತೂ ಇದರಿಂದ ಉಪಕಾರವೇ ಉಂಟು. ಕಣ್ಣಿಗೆ ಕಾಣುವ ಬೆಳಕು ಕೂಡ ಬಂಗನ್ನು ಜಾಸ್ತಿ ಮಾಡುತ್ತದೆ, ಅದನ್ನು ತಡೆಯುವುದು ಈ ತುಕ್ಕಿನ ಬಣ್ಣವೇ.

ಟೈಟಾನಿಯಂ ಬಗ್ಗೆ ಒಂದು ಮಾತು. ಯುರೋಪಿನಲ್ಲಿ 2022ರಲ್ಲಿ ಇದನ್ನು ತಿನ್ನುವ ಪದಾರ್ಥಕ್ಕೆ ಹಾಕುವುದು ಬೇಡ ಅಂದರು, ಮುಖಕ್ಕೆ ಹಚ್ಚುವುದನ್ನು ಬೇಡ ಅನ್ನಲಿಲ್ಲ. ಚಿಂತೆ ಇರುವುದು ಪುಡಿ ಉಸಿರಿನ ಜೊತೆ ಒಳಗೆ ಹೋದರೆ. ನಿಮ್ಮದು ಒತ್ತಿ ಕೂರಿಸಿದ ಕಾಂಪ್ಯಾಕ್ಟ್, ಅಷ್ಟು ಹಾರಲ್ಲ. ಸಡಿಲ ಪೌಡರಾದರೆ ಪಫ್ ಝಾಡಿಸುವಾಗ ಮುಖ ಆಚೆ ತಿರುಗಿಸಿ. ಇನ್ನೊಂದು, ನೀಲಿ ಐಶ್ಯಾಡೋವನ್ನು ರೀಲ್ಸ್ ನೋಡಿ ತುಟಿಗೆ ಬಳಿಯಬೇಡಿ. ಅಲ್ಟ್ರಾಮರೀನ್ ನೀಲಿ, ಕ್ರೋಮಿಯಂ ಆಕ್ಸೈಡ್ ಹಸಿರು ಇವನ್ನೆಲ್ಲ ಅಮೆರಿಕದಲ್ಲಿ ಕಣ್ಣಿನ ಸುತ್ತ ಹಚ್ಚಬಹುದು, ತುಟಿಗೆ ಬಳಸುವಂತಿಲ್ಲ.

(ಸಸ್ಯಾಹಾರಿಗಳ ಗಮನಕ್ಕೆ: ಲಿಪ್‌ಸ್ಟಿಕ್ ಮೇಲೆ 75470 ಇದ್ದರೆ ಅದು ಖನಿಜವೇ ಅಲ್ಲ, ಕಾರ್ಮೈನ್. ಒಂದು ಜಾತಿಯ ಹುಳ ಒಣಗಿಸಿ ತೆಗೆದ ಕೆಂಪು.)

ಪ್ರಶ್ನೆ: ಹತ್ತು ತಿಂಗಳ ಮೊಮ್ಮಗನ ಕಣ್ಣಿಗೆ ಹಚ್ಚಿ ಅಂತ ನೆಂಟರು ಊರಿಂದ ಸುರ್ಮಾ ತಂದುಕೊಟ್ಟಿದ್ದಾರೆ. ಸೊಸೆ ಬೇಡ ಅಂತಾಳೆ.
– ಓದುಗರು, ವಿಜಯಪುರ

ಉತ್ತರ: ಸೊಸೆ ಹೇಳಿದ್ದು ಸರಿ ಅಮ್ಮಾ. ಹಳೇ ಕಾಲದ ಸುರ್ಮಾ ಅಂದರೆ ಗೆಲೀನಾ ಕಲ್ಲಿನ ಪುಡಿ, ಅಂದರೆ ಸೀಸದ ಸಲ್ಫೈಡ್. ಮಗು ಕಣ್ಣುಜ್ಜಿ ಅದೇ ಬೆರಳನ್ನು ಬಾಯಿಗಿಡುತ್ತೆ. ಕಣ್ಣೀರಿಗೂ ಮೂಗಿನೊಳಗೆ ಇಳಿಯುವ ದಾರಿ ಇದೆ, ಅಲ್ಲಿಂದ ಗಂಟಲಿಗೆ. ಬೆಳೆಯುವ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ. ಈಗಾಗಲೇ ದಿನಾ ಹಚ್ಚಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ, ರಕ್ತದಲ್ಲಿ ಸೀಸ ಎಷ್ಟಿದೆ ನೋಡುವ ಪರೀಕ್ಷೆ ಇದೆ. ಹರಳೆಣ್ಣೆ ದೀಪದ ಕಾಡಿಗೆಯಲ್ಲಿ ಸೀಸದ ಕಾಟವಿಲ್ಲ, ಆದರೂ ಕಣ್ಣೊಳಗೆ ಬೇಡ. ದೃಷ್ಟಿಗೆ ಅಂತಾದರೆ ಅಂಗಾಲಿಗೆ ಒಂದು ಬೊಟ್ಟು ಇಡಿ, ಸಾಕು.

ಪ್ರಶ್ನೆ: ಜಾತ್ರೆಯಲ್ಲಿ ರಾಶಿ ಹಾಕಿ ಮಾರುವ ಕುಂಕುಮ ಹಚ್ಚಬಹುದಾ?
– ಓದುಗರು, ಚನ್ನಪಟ್ಟಣ

ಉತ್ತರ: ಅರಿಶಿನದಿಂದ ಮಾಡಿದ್ದಾದರೆ ಹಚ್ಚಿ. ಕಷ್ಟ ಏನಂದ್ರೆ ರಾಶಿ ನೋಡಿ ಅದು ಗೊತ್ತಾಗಲ್ಲ. ಕಿತ್ತಳೆಗೆಂಪು ಸಿಂಧೂರಕ್ಕೆ ಕೆಲವರು ಸೀಸದ ಆಕ್ಸೈಡ್ ಬೆರೆಸುತ್ತಾರೆ. ಒಮ್ಮೆ ನಾನೇ ಎರಡು ಪೊಟ್ಟಣ ತಂದು ಎರಡರಿಂದಲೂ ಒಂದೊಂದು ಚಮಚ ಅಂಗೈಗೆ ಹಾಕಿ ನೋಡಿದೆ. ಒಂದು ಹಿಟ್ಟಿನ ಹಾಗೆ ಹಗುರ, ಇನ್ನೊಂದು ಮರಳಿಗಿಂತ ಭಾರ. ಆ ಭಾರದ್ದನ್ನು ಹಣೆಗೆ ಹಚ್ಚಲಿಲ್ಲ. ಹಾಗಂತ ಹಗುರವಾದದ್ದೆಲ್ಲ ಶುದ್ಧ ಅಂದುಕೊಳ್ಳಬೇಡಿ, ಬಟ್ಟೆ ಬಣ್ಣ ಬೆರೆಸಿದ ಹಿಟ್ಟೂ ಹಗುರವೇ. ಸೀಸ, ಆರ್ಸೆನಿಕ್ ಇರುವ ಬಣ್ಣವನ್ನು ಸೌಂದರ್ಯವರ್ಧಕಕ್ಕೆ ಹಾಕಬಾರದು ಅಂತ ನಮ್ಮಲ್ಲಿ ಕಾನೂನೇ ಇದೆ, ಆದರೆ ಹೆಸರು ವಿಳಾಸ ಇಲ್ಲದ ಪೊಟ್ಟಣವನ್ನು ಹಿಡಿದು ಯಾರನ್ನು ಕೇಳುತ್ತೀರಿ?

ಪ್ರಶ್ನೆ: ನಮ್ಮ ಹವ್ಯಾಸಿ ಯಕ್ಷಗಾನ ತಂಡಕ್ಕೆ ಹಿರಿಯ ಕಲಾವಿದರೊಬ್ಬರ ಹಳೇ ಬಣ್ಣದ ಪೆಟ್ಟಿಗೆ ಸಿಕ್ಕಿದೆ. ಅರದಾಳ, ಇಂಗಳೀಕ, ಸಫೇತು ಇವೆ. ಬಳಸಬಹುದೇ?
– ಓದುಗರು, ಕುಂದಾಪುರ

ಉತ್ತರ: ಪೆಟ್ಟಿಗೆ ಇಟ್ಟುಕೊಳ್ಳಿ, ಬಣ್ಣ ಬಿಡಿ. ಆ ಚೆಂದದ ಹಳದಿ ಅರದಾಳ ಆರ್ಸೆನಿಕ್‌ನ ಸಲ್ಫೈಡ್, ಕೆಂಪು ಇಂಗಳೀಕ ಪಾದರಸದ್ದು. ಎರಡೂ ಸುಲಭಕ್ಕೆ ಕರಗಲ್ಲ, ಅದಕ್ಕೇ ಹಿಂದಿನವರು ಹಚ್ಚಿದ ಕೂಡಲೇ ಏನೂ ಆಗುತ್ತಿರಲಿಲ್ಲ. ಆದರೆ ಬೆಳಗಿನವರೆಗೆ ಬೆವರು, ತುಟಿಯ ಪಕ್ಕದಲ್ಲೇ ಬಣ್ಣ, ಅದರ ಮೇಲೆ ಚಹಾ, ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಅರೆಯುವಾಗ ಏಳುವ ಧೂಳು – ವರ್ಷಗಟ್ಟಲೆ ಇದೇ ನಡೆದರೆ ಮೈಗೆ ಸೇರದೆ ಇರುತ್ತಾ? ಸಫೇತು ಸಾಮಾನ್ಯವಾಗಿ ಜಿಂಕ್ ಆಕ್ಸೈಡ್, ಸನ್‌ಸ್ಕ್ರೀನಿನಲ್ಲಿರುವುದೇ. ಆದರೆ ಸೀಸದ ಬಿಳಿಯನ್ನೂ ಇದೇ ಥರದ ಹೆಸರಿನಲ್ಲಿ ಮಾರಿದ್ದುಂಟು, ಹಾಗಾಗಿ ಜಿಂಕ್ ಅಂತ ಬರೆದ ಹೊಸ ಡಬ್ಬಿಯನ್ನೇ ತಗೊಳ್ಳಿ. ಹಳದಿ, ಕೆಂಪಿಗೆ ಐರನ್ ಆಕ್ಸೈಡ್ ಇರುವ ಮೇಕಪ್ ಬಣ್ಣ ಸಿಗುತ್ತದೆ. ಅರದಾಳದ ಹೊಳಪು ಅದಕ್ಕೆ ಬರಲ್ಲ, ನಿಜ. ಹಳೇದನ್ನು ಬಾವಿಗೆ, ತೋಡಿಗೆ ಎಸೆಯಬೇಡಿ, ಒಲೆಗಂತೂ ಹಾಕಲೇಬೇಡಿ. ಇಂಗಳೀಕ ಬಿಸಿಯಾದರೆ ಪಾದರಸದ ಆವಿ ಏಳುತ್ತದೆ.