ಸೇಬಿನ ವಂಶವಾಹಿ ನಕ್ಷೆಯಿಂದ ಮಲೆನಾಡಿಗೆ ಏನು ಸಿಗುತ್ತದೆ?

ಅಂಗಡಿಯಿಂದ ತಂದ ಸೇಬಿನ ಬೀಜ ತೀರ್ಥಹಳ್ಳಿಯ ನಿಮ್ಮ ಅಂಗಳದಲ್ಲಿ ಮೊಳೆತಿದೆ, ಅದರಲ್ಲಿ ಅದೇ ಹಣ್ಣು ಬಿಡುತ್ತದೆಯೇ, ವಂಶವಾಹಿ ನಕ್ಷೆಯ ನೆರವಿನಿಂದ ಮಲೆನಾಡಿಗೆ ಒಗ್ಗುವ ಸೇಬು ಮಾಡಬಹುದೇ ಎಂದು ಕೇಳಿದ್ದೀರಿ. ಅದೇ ಹಣ್ಣು ಬರುವುದಿಲ್ಲ. ಒಗ್ಗುವ ತಳಿ ಸಾಧ್ಯ, ಆದರೆ ನನ್ನನ್ನು ಕೇಳಿದರೆ ಆ ಶ್ರಮ ಬೇರೊಂದು ಮರಕ್ಕೆ ಸಲ್ಲಬೇಕು. ನಾನು ತೋಟಗಾರಿಕೆ ಓದಿ ಸಾಗರದ ಹತ್ತಿರ ನರ್ಸರಿ ನಡೆಸುವವನು; ಪಕ್ಷಪಾತ ಇದ್ದರೆ ಅದು ಅಲ್ಲಿಂದ ಬಂದದ್ದು.

ಸೇಬಿನ ಮರ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಬೇರೆ ತಳಿಯ ಪರಾಗ ಬಿದ್ದರೆ ಮಾತ್ರ ಸಾಮಾನ್ಯವಾಗಿ ಕಾಯಿ ಕಟ್ಟುತ್ತದೆ. ಹೀಗಾಗಿ ಪ್ರತಿ ಬೀಜವೂ ಒಂದು ಹೊಸ ಬೆರಕೆ. ಕಸಿ ಕಟ್ಟದೆ ತಳಿ ಉಳಿಯುವುದಿಲ್ಲ.

ಹೊಸ ತಳಿ ಬೆಳೆಸುವ ಸಂವರ್ಧಕನಿಗೆ ಈ ಬೆರಕೆಯಿಂದ ಒಂದು ಲಾಭವಿದೆ. ಭತ್ತದಲ್ಲಿ ಗುಣಗಳು ಬೇರ್ಪಡುವುದನ್ನು ನೋಡಲು ಎರಡನೆಯ ತಲೆಮಾರಿನ ತನಕ ಕಾಯಬೇಕು. ಸೇಬಿನಲ್ಲಿ ಎರಡು ಮರಗಳನ್ನು ಕೂಡಿಸಿದರೆ ಮೊದಲ ತಲೆಮಾರಿನ ಸಸಿಗಳೇ ಒಂದಕ್ಕಿಂತ ಒಂದು ಬೇರೆ. ಅಂಥ ಒಂದಿನ್ನೂರು ಸಸಿಗಳ ಎಲೆಯಿಂದ ಡಿಎನ್‌ಎ ತೆಗೆದು, 17 ಜೋಡಿ ವರ್ಣತಂತುಗಳ ಉದ್ದಕ್ಕೂ ಯಾವ ತುಂಡು ಯಾವ ಪೋಷಕನಿಂದ ಬಂದಿದೆ ಎಂದು ಗುರುತು ಹಾಕುತ್ತಾರೆ. ಸದಾ ಒಟ್ಟಿಗೇ ಇಳಿದು ಬರುವ ಗುರುತುಗಳು ಹತ್ತಿರದವು, ಆಗಾಗ ಅಗಲುವವು ದೂರದವು; ಹೀಗೆ ಜೋಡಿಸಿದ್ದೇ ವಂಶವಾಹಿ ನಕ್ಷೆ. ಮರಗಳು ಕಾಯಿ ಬಿಟ್ಟ ಮೇಲೆ ಹುಳಿ, ಬಣ್ಣ, ರೋಗ ಎಲ್ಲವನ್ನೂ ಬರೆದಿಟ್ಟು, ಯಾವ ಗುಣ ಯಾವ ಗುರುತಿನ ಬೆನ್ನಿಗೆ ಬರುತ್ತದೆಂದು ನೋಡುತ್ತಾರೆ. ಹುಳಿಯ ಮುಖ್ಯ ವಂಶವಾಹಿ 16ನೆಯ ವರ್ಣತಂತುವಿನಲ್ಲಿ, ಸಿಪ್ಪೆಯ ಕೆಂಪು 9ರಲ್ಲಿ ಸಿಕ್ಕಿದ್ದು ಹೀಗೆ. 2010ರಲ್ಲಿ ಗೋಲ್ಡನ್ ಡೆಲಿಷಿಯಸ್ ತಳಿಯ ಇಡೀ ಡಿಎನ್‌ಎ ಓದಿದ ಮೇಲೆ ಹುಡುಕಾಟ ಇನ್ನಷ್ಟು ಸಲೀಸಾಯಿತು.

ನಕ್ಷೆಯ ನಿಜವಾದ ಬೆಲೆ ತಿಳಿಯಬೇಕಾದರೆ ಸ್ಕ್ಯಾಬ್ ಎಂಬ ಶಿಲೀಂಧ್ರ ರೋಗದ ಕಥೆ ಕೇಳಬೇಕು. ಅದನ್ನು ತಡೆಯುವ ಶಕ್ತಿ ಇದ್ದದ್ದು ಮೇಲಸ್ ಫ್ಲೋರಿಬಂಡಾ ಎಂಬ ಅಲಂಕಾರದ ಜಾತಿಯಲ್ಲಿ. ಅದರ ಕಾಯಿ ಗೋಲಿಯಷ್ಟು ಚಿಕ್ಕದು. ಅಮೆರಿಕದ ಇಲಿನಾಯ್‌ನಲ್ಲಿ 1914ರಲ್ಲಿ ಅದನ್ನು ತಿನ್ನುವ ಸೇಬಿನೊಂದಿಗೆ ಕೂಡಿಸಿದರು. ಮತ್ತೆ ಮತ್ತೆ ಒಳ್ಳೆಯ ತಳಿಗಳಿಗೆ ಕೂಡಿಸುತ್ತಾ ಬಂದು ಸ್ಕ್ಯಾಬ್ ತಡೆಯುವ 'ಪ್ರಿಮಾ' ತಳಿ ಹೊರಬಂದದ್ದು 1970ರಲ್ಲಿ. ಅಷ್ಟೆಲ್ಲ ಆದ ಮೇಲೆ ಯುರೋಪಿನಲ್ಲಿ ಆ ಒಂದು ವಂಶವಾಹಿಯನ್ನು ಮೀರುವ ಶಿಲೀಂಧ್ರವೂ ಕಾಣಿಸಿಕೊಂಡಿತು. ಈಗ ಒಂದೇ ಮರದಲ್ಲಿ ಎರಡು ಮೂರು ಬಗೆಯ ತಡೆಗಳನ್ನು ಸೇರಿಸಬೇಕು. ತೊಡಕು ಇರುವುದು ಇಲ್ಲೇ: ಒಂದು ತಡೆ ಇದ್ದರೂ ಎಲೆ ಶುಭ್ರ, ಎರಡಿದ್ದರೂ ಅಷ್ಟೇ ಶುಭ್ರ. ಎಷ್ಟು ಅನುಭವಿಯಾದರೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ನಾಲ್ಕೆಲೆಯ ಸಸಿಯಲ್ಲೇ ಗುರುತು ನೋಡಿ, ಎರಡೂ ತಡೆ ಒಟ್ಟಿಗೆ ಇಲ್ಲದವನ್ನು ಆವತ್ತೇ ಕಿತ್ತೆಸೆಯಬಹುದು. ಬೀಜದ ಸೇಬು ಕಾಯಿ ಬಿಡಲು ಐದಾರು ವರ್ಷವಾದರೂ ಬೇಕು. ಬೇಡದ ಮರಕ್ಕೆ ಅಷ್ಟು ಕಾಲ ನೀರು, ಗೊಬ್ಬರ, ಜಾಗ ಕೊಡುವುದು ತಪ್ಪುತ್ತದೆ. ನಕ್ಷೆ ಹೊಸ ಸೇಬನ್ನು ಸೃಷ್ಟಿಸುವುದಿಲ್ಲ, ಯಾವುದನ್ನು ಬಿಡಬೇಕೆಂದು ಬೇಗ ಹೇಳುತ್ತದೆ.

ಇನ್ನು ಮಲೆನಾಡು. ಸಾಮಾನ್ಯ ಸೇಬಿಗೆ ಚಿಗುರಿ ಹೂ ಬಿಡಲು 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರದ ಆಸುಪಾಸು ಗಂಟೆ ಬೇಕು. ಶಿವಮೊಗ್ಗದ ಜನವರಿ ರಾತ್ರಿ ಅಲ್ಲಿಗೆ ಇಳಿಯುವುದೇ ಅಪರೂಪ. ಇಸ್ರೇಲಿನ 'ಅನ್ನಾ' ತಳಿಗೆ ಇನ್ನೂರು ಮುನ್ನೂರು ಗಂಟೆ ಸಾಕು. ಆ ಗುಣದ ದೊಡ್ಡ ಪಾಲು 9ನೆಯ ವರ್ಣತಂತುವಿನಲ್ಲಿ ಇದೆ. ಅಂಥ ಚಳಿಯಿಲ್ಲದ ಜಾವಾದಲ್ಲಿ ಕೈಯಿಂದ ಎಲೆ ಕಿತ್ತು ಮರವನ್ನು ಹೂವಿಗೆ ತರುತ್ತಾರೆ. ಆದರೆ ಬಯಲು ಸೀಮೆಯಲ್ಲಿ ಇಂಥ ತಳಿಗಳ ಹಣ್ಣು ಬಲಿಯುವುದು ಜೂನ್ ಹೊತ್ತಿಗೆ. ನಮ್ಮಲ್ಲಿ ಜೂನ್ ಎಂದರೆ ಏನೆಂದು ತೀರ್ಥಹಳ್ಳಿಯವರಿಗೆ ನಾನು ಹೇಳಬೇಕೇ? ಅಂಗಳಕ್ಕೆ ಒಂದು ಗಿಡ ಇರಲಿ. ಅಡಿಕೆ ತೆಗೆದು ಸೇಬು ಹಾಕುವ ಯೋಚನೆ ಮಾತ್ರ ಬೇಡ.

ನಾನು ಹೇಳಿದ ಬೇರೊಂದು ಮರ ಅಪ್ಪೆಮಿಡಿ, ಮಿಡಿ ಉಪ್ಪಿನಕಾಯಿಗೆ ಬಳಸುವ ನಮ್ಮ ಮಾವು. ಪರಿಮಳ, ಸೊನೆ, ಉಪ್ಪುನೀರಿನಲ್ಲಿ ಕೆಡದೆ ನಿಲ್ಲುವ ಗುಣ, ಇವು ಮರದಿಂದ ಮರಕ್ಕೆ ಬೇರೆ. ಹೊಳೆದಂಡೆಯ ಹೆಸರಾಂತ ಮರದ ಕಡ್ಡಿ ತಂದು ಕಸಿ ಕಟ್ಟಿ ಉಳಿಸುತ್ತಿದ್ದೇವೆ, ಅದರಿಂದ ಆ ಮರ ಉಳಿಯುತ್ತದೆ ಅಷ್ಟೆ; ಒಂದರ ಪರಿಮಳ ಇನ್ನೊಂದರ ಬಾಳಿಕೆಯೊಂದಿಗೆ ಸೇರುವುದಿಲ್ಲ. ಅದಕ್ಕೆ ಮರಗಳನ್ನು ಕೂಡಿಸಿ, ಸಸಿಗಳ ಗುರುತು ನೋಡುವ ಸೇಬಿನ ದಾರಿಯೇ ಬೇಕು. ಕಷ್ಟವೂ ಇದೆ. ಒಂದು ಸೇಬಿನಲ್ಲಿ ಹತ್ತರ ತನಕ ಬೀಜ, ಮಾವಿನಲ್ಲಿ ಒಂದೇ ಓಟೆ. ಕೈಯಿಂದ ಪರಾಗ ಮುಟ್ಟಿಸಿದ ಮಾವಿನ ಹೂಗಳಲ್ಲಿ ಬಹುಪಾಲು ಉದುರಿ ಹೋಗುತ್ತವೆ. ಇನ್ನೂರು ಸಸಿ ಬೇಕೆಂದರೆ ಇನ್ನೂರು ಮಿಡಿಗಳನ್ನು ಉಪ್ಪಿನಕಾಯಿಗೆ ಕೊಯ್ಯದೆ ಹಣ್ಣಾಗಲು ಬಿಡಬೇಕು, ಅದಕ್ಕೆ ಮರದ ಯಜಮಾನರನ್ನು ಒಪ್ಪಿಸುವುದು ಪ್ರಯೋಗಾಲಯದ ಕೆಲಸಕ್ಕಿಂತ ಕಷ್ಟ.